ಅಂಗಿಯ ಒಳಗಿನ ಹೊಲಿಗೆ

ಫೆಬ್ರವರಿ ೧೦, ಮಂಗಳವಾರ

ಇದು ಅಂಗಡಿಯ ಅಳತೆ ಪುಸ್ತಕ. ಪುಟದ ಮೇಲೆ ಎದೆ, ಸೊಂಟ, ತೋಳು, ಉದ್ದ ಎಂದು ಖಾನೆಗಳು ಅಚ್ಚಾಗಿವೆ. ನಾನು ಅವುಗಳ ಮೇಲೆಯೇ ಅಡ್ಡಾದಿಡ್ಡಿ ಬರೆಯುತ್ತಿದ್ದೇನೆ. ಬೇರೆ ಪುಸ್ತಕ ತರಲು ಬೀದಿಗಿಳಿದರೆ ಎದುರಾದವರೆಲ್ಲ ‘ಏನಂತೆ?’ ಎಂದು ಕೇಳುತ್ತಾರೆ. ಅದಕ್ಕಿಂತ ಇದೇ ವಾಸಿ.

ಏನಂತೆ ಅಂದರೆ, ಕ್ಯಾನ್ಸರ್ ಅಂತೆ. ಕುತ್ತಿಗೆಯಲ್ಲೊಂದು ಗಂಟು, ಎದೆಯೊಳಗೊಂದು, ಹೊಟ್ಟೆಯಲ್ಲೊಂದು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಅವರು ಹೇಳುತ್ತಿರುವಾಗ ನಾನು ನೋಡುತ್ತಿದ್ದದ್ದು ಅವರ ಬಿಳಿ ಕೋಟಿನ ಎಡಭುಜವನ್ನು. ಅರ್ಧ ಇಂಚು ಇಳಿದಿತ್ತು, ಯಾರೋ ಅವಸರದಲ್ಲಿ ಕತ್ತರಿಸಿದ್ದಾರೆ. ಅಮ್ಮ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಹೊರಗೆ ಕಾಯುವ ಸಾಲಿನಲ್ಲಿ ಎಲ್ಲರೂ ಅಮ್ಮನೇ ರೋಗಿ ಎಂದುಕೊಂಡು ಅವಳಿಗೆ ಜಾಗ ಬಿಟ್ಟುಕೊಟ್ಟಿದ್ದರು. ಇಪ್ಪತ್ತಾರು ವರ್ಷದವಳನ್ನು ನೋಡಿ ಯಾರಿಗೆ ತಾನೇ ರೋಗಿ ಎನ್ನಿಸುತ್ತದೆ.

ದಡ್ಡತನವೆಲ್ಲ ನನ್ನದೇ. ನವೆಂಬರಿನಲ್ಲಿ ಅಂಗಿಯ ಕಾಲರು ಬಿಗಿಯಾಯಿತು. ಗುಂಡಿಯನ್ನು ಕಾಲು ಇಂಚು ಸರಿಸಿ ಹಾಕಿಕೊಂಡೆ. ಡಿಸೆಂಬರಿನಲ್ಲಿ ಮತ್ತೆ ಬಿಗಿಯಾಯಿತು, ಮತ್ತೆ ಸರಿಸಿದೆ. ಜನವರಿಯಲ್ಲಿ ಹಳೆಯ ಕಾಲರನ್ನೇ ಬಿಚ್ಚಿ ಒಂದು ಇಂಚು ದೊಡ್ಡದು ಕತ್ತರಿಸಿ ಹಾಕಿದೆ, ಚೆನ್ನಾಗಿ ಕೂತಿತೆಂದು ಹಿಗ್ಗಿದೆ ಬೇರೆ. ಬೇರೆ ಯಾರಾದರೂ ಆಗಿದ್ದರೆ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ದರ್ಜಿಯ ಮಗಳು ಅಂಗಿ ಮುಟ್ಟಿ ನೋಡಿದಳು. ಮೂರು ತಿಂಗಳು ಹೋಯಿತು.

ಮನೆಗೆ ಬಂದಾಗ ಅಪ್ಪ ಕೆಳಗೆ ಅಂಗಡಿಯಲ್ಲಿ ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದ. ಅಮ್ಮ ಒಂದೇ ಉಸಿರಿಗೆ ಹೇಳಿದಳು. ಅಪ್ಪ ತೋಳಿನ ಸುತ್ತು ಮುಗಿಸಿ, ದಾರ ಕಡಿದು, ಆಮೇಲೆ ನನ್ನ ಕಡೆ ನೋಡಿದ.

“ಎಷ್ಟು ದಿನದ ಕೆಲಸ?”

“ಆರು ಸಲ ಔಷಧಿ. ಮೂರು ವಾರಕ್ಕೊಂದು.”

“ಸರಿ” ಎಂದ. ಅಷ್ಟೇ. ಮತ್ತೆ ಮೆಷಿನ್ ತುಳಿಯತೊಡಗಿದ. ಮಗಳಿಗೆ ಕ್ಯಾನ್ಸರ್ ಎಂದರೂ ಸರಿ, ಬಟ್ಟೆ ಶುಕ್ರವಾರ ಬೇಕು ಎಂದರೂ ಸರಿ. ಆ ‘ಸರಿ’ಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರವರಿ ೧೪, ಶನಿವಾರ

ಡಾಕ್ಟರು ಕೇಳಿದರು: “ಮುಂದೆ ಮಕ್ಕಳು ಬೇಕು ಅನ್ನೋ ಯೋಚನೆ ಇದೆಯಾ? ಇದ್ರೆ ಔಷಧಿ ಶುರು ಮಾಡೋಕೆ ಮುಂಚೆ ಏನಾದ್ರೂ ಮಾಡಬಹುದು. ಆದ್ರೆ ಅದಕ್ಕೇ ಮೂರು ವಾರ ಬೇಕು. ನಮ್ಮ ಹತ್ರ ಮೂರು ವಾರ ಇಲ್ಲ ಅಂತ ನನ್ನ ಅಭಿಪ್ರಾಯ. ನೀವೇ ನಿರ್ಧಾರ ಮಾಡಿ.”

ಮದುವೆಯೇ ಆಗಿಲ್ಲ, ಆಗುವ ಮಾತೂ ಇಲ್ಲ, ಮಕ್ಕಳ ಲೆಕ್ಕ ಸೋಮವಾರದೊಳಗೆ ಹೇಳಬೇಕಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುತ್ತಿದ್ದೆವು. ನನ್ನದು ಕುಲಾವಿಯನ್ನೂ ಕೂಸನ್ನೂ ಒಟ್ಟಿಗೆ ಬೇಡ ಎನ್ನುವ ಕೆಲಸ. ಬೇಡ ಎಂದೆ. ಬೀದಿ ತಿರುವಿನಲ್ಲಿ ಅಮ್ಮ ಗೋಡೆ ಹಿಡಿದು ನಿಂತು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಅಮ್ಮನ ಮೇಲೇ ತೀರಿಸಿಕೊಂಡೆ.

ಫೆಬ್ರವರಿ ೨೩, ಸೋಮವಾರ

ಮೊದಲ ಔಷಧಿ ಆಯಿತು. ಒಂದು ದೊಡ್ಡ ಕೋಣೆ, ಗೋಡೆಗೆ ಹತ್ತು ಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಒಂದು ಕಂಬ, ಕಂಬಕ್ಕೆ ಚೀಲ. ಪಕ್ಕದ ಕುರ್ಚಿಯಲ್ಲಿದ್ದವರು ಬಸ್ ಡ್ರೈವರು, ಐವತ್ತರ ಆಸುಪಾಸು. “ಹೊಸಬರಾ? ಮೊದಲ ಟ್ರಿಪ್ಪು ಸ್ವಲ್ಪ ಕುಲುಕುತ್ತೆ ತಾಯಿ, ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದರು. ಮಧ್ಯಾಹ್ನದ ಹೊತ್ತಿಗೆ ನಾನು ಬಕೆಟ್ಟು ಹಿಡಿದುಕೊಂಡಿದ್ದೆ.

ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಕಣ್ಣು ಮುಚ್ಚಿಕೊಂಡೆ. “ನಂಬರ್ ನನಗೆ ಹೇಳಬೇಡಿ” ಎಂದೆ. ನರ್ಸಮ್ಮ ಹೇಳಲಿಲ್ಲ, ಬರೆದುಕೊಂಡರು.

ಮಾರ್ಚ್ ೩, ಮಂಗಳವಾರ

ಒಂದು ವಾರ ಮಂಚ ಬಿಟ್ಟಿರಲಿಲ್ಲ. ಇವತ್ತು ಕೆಳಗಿಳಿದು ಒಂದು ತಾಸು ಅಂಗಡಿಯಲ್ಲಿ ಕೂತೆ. ಗಿರಾಕಿಯ ಬಿಳಿ ಅಂಗಿಯ ಕಫ್ ಹೊಲಿಯುವಾಗ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ಬಿತ್ತು. ಬಿಳಿ ದಾರದ ತುಂಡು ಬಾಯಿಗೆ ಹಾಕಿ ಅಗಿದು, ಒದ್ದೆಯಾದ ಉಂಡೆಯಿಂದ ಒತ್ತಿದೆ. ಕಲೆ ಹೋಯಿತು.

ಇದು ಅಪ್ಪ ಕಲಿಸಿದ ಮೊದಲ ವಿದ್ಯೆ, ಆಗ ನನಗೆ ಎಂಟು ವರ್ಷ. “ಅವರವರ ರಕ್ತ ಅವರವರ ಉಗುಳಿಗೇ ಹೋಗೋದು. ಹಸಿ ಇರುವಾಗಲೇ ಮಾಡ್ಬೇಕು, ಒಣಗಿದ್ರೆ ಮುಗೀತು” ಎಂದಿದ್ದ. ಕಲೆಯಾದ ಬಟ್ಟೆ ಅವನ ಅಂಗಡಿಯ ಹೊಸಿಲು ದಾಟಿದ್ದನ್ನು ನಾನು ಇದುವರೆಗೆ ನೋಡಿಲ್ಲ. ಇವತ್ತು ಪಕ್ಕದಲ್ಲೇ ಕೂತು ನೋಡುತ್ತಿದ್ದ. “ಏನ್ ಮಾಸ್ಟರ್, ಕೈ ಮರೆತಿಲ್ಲ” ಎಂದ. ಕತ್ತರಿ ಕೈಗೆ ಬಂದ ದಿನದಿಂದ ನನ್ನನ್ನು ಮಾಸ್ಟರ್ ಎಂದೇ ಕರೆಯುತ್ತಾನೆ. ನಾನು ಇನ್ನೊಂದು ಕಫ್ ಎತ್ತಿಕೊಂಡೆ.

ಮಾರ್ಚ್ ೧೧, ಬುಧವಾರ

ಕೂದಲು ಹೋಯಿತು. ದಿಂಬಿನ ಮೇಲೆ ಅರ್ಧ, ಬಾಚಣಿಗೆಯಲ್ಲಿ ಅರ್ಧ. ಮಿಕ್ಕಿದ್ದನ್ನು ಅಮ್ಮ ಗುಂಡಿಯ ಕಾಜಾ ಕತ್ತರಿಸುವ ಸಣ್ಣ ಕತ್ತರಿಯಿಂದ ತೆಗೆದಳು. ಕೋಣೆಯ ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಡಲು ಹೇಳಿದೆ. ಕೆಳಗಿನ ಆಳೆತ್ತರದ ಕನ್ನಡಿಗೆ ಅಪ್ಪನೇ ಒಂದು ಬಟ್ಟೆ ಇಳಿಬಿಟ್ಟಿದ್ದಾನೆ. ಗಿರಾಕಿ ಬಂದಾಗ ಮಾತ್ರ ಎತ್ತುತ್ತಾನಂತೆ.

ಮಾರ್ಚ್ ೨೨, ಭಾನುವಾರ

ಎರಡನೆಯದೂ ಆಗಿ ಆರು ದಿನ. ಗಂಜಿ ಕುಡಿದರೆ ನಿಲ್ಲುವುದಿಲ್ಲ, ನೀರೂ ಕಹಿ. ಆದರೂ ಇವತ್ತು ಒಂದು ಒಳ್ಳೆಯ ವಿಷಯ ಗೊತ್ತಾಯಿತು, ಅದನ್ನು ಬರೆದಿಡಬೇಕು.

ನೀಲಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡೆ. ಹೋದ ವರ್ಷ ನಾನೇ ಕತ್ತರಿಸಿದ್ದು. ಸರಿಯಾಗಿ ಕೂತವು. ಭುಜ ಭುಜದ ಮೇಲೆ, ಸೊಂಟ ಸೊಂಟದ ಮೇಲೆ. ಎರಡು ಬೆರಳು ತೂರಿಸಿ ನೋಡಿದೆ, ಎರಡೇ ಬೆರಳು ಹಿಡಿಸಿತು, ಆಗಲೂ ಎರಡೇ ಹಿಡಿಸುತ್ತಿತ್ತು. ಅಂದರೆ ನಾನು ಇಳಿದಿಲ್ಲ. ಆ ಕುರ್ಚಿಗಳಲ್ಲಿ ಕೂತವರೆಲ್ಲ ಕರಗಿಹೋಗುತ್ತಿದ್ದಾರೆ, ನಾನು ಕರಗಿಲ್ಲ. ಬಾಯಿ ಸುಳ್ಳು ಹೇಳಿದರೂ ಬಟ್ಟೆ ಹೇಳುವುದಿಲ್ಲ ಎಂದು ಅಪ್ಪ ಗಿರಾಕಿಗಳಿಗೆ ಹೇಳುತ್ತಿರುತ್ತಾನೆ. ‘ನಾನು ದಪ್ಪ ಆಗಿಲ್ಲಪ್ಪ’ ಎನ್ನುವವರಿಗೆ ಹೇಳುವ ಮಾತು. ಇವತ್ತು ಅದು ನನಗೆ ಬೇರೆ ಥರ ಹಿತವಾಯಿತು.

ಏಪ್ರಿಲ್ ೬, ಸೋಮವಾರ

ಮೂರನೆಯದು. ಬೆರಳ ತುದಿಗಳು ಜೋಮು ಹಿಡಿದಿವೆ. ಗುಂಡಿ ಹಾಕಿಕೊಳ್ಳುವಾಗ ಗುಂಡಿ ಸಿಕ್ಕಿತೋ ಇಲ್ಲವೋ ಕಣ್ಣಿಂದ ನೋಡಿ ತಿಳಿಯಬೇಕು. ಬಾಯಿ ಪೂರಾ ಒಣಗಿದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಒಣಗುವುದು ಮಾಮೂಲಿ, ಕೆಲವರಿಗೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ ಎಂದರು ನರ್ಸಮ್ಮ.

ಡ್ರೈವರು ಎದ್ದು ನಿಂತಾಗ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಸೊಂಟಕ್ಕೆ ನೈಲಾನ್ ಹಗ್ಗ. “ನನ್ನ ಪ್ಯಾಂಟು ಒಂದೊಂದು ಸ್ಟಾಪಿಗೂ ಇಳೀತೀನಿ ಅನ್ನುತ್ತೆ ತಾಯಿ” ಎಂದರು. ಇಡೀ ಕೋಣೆ ನಕ್ಕಿತು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮದು ನೋಡಿ, ಎಷ್ಟು ಸರಿಯಾಗಿ ಕೂತಿದೆ” ಎಂದರು. ಪರೀಕ್ಷೆ ಪಾಸಾದ ಹಾಗಾಯಿತು ನನಗೆ. ಬಾಗಿಲ ಬಳಿ ಕೂತಿದ್ದ ಅಪ್ಪ ಎದ್ದು ನೀರು ಕುಡಿಯಲು ಹೊರಗೆ ಹೋದ.

ಏಪ್ರಿಲ್ ೧೦, ಶುಕ್ರವಾರ

ಏನೂ ಬರೆಯುವಂತಿಲ್ಲ. ಸಾಯುವುದೆಂದರೆ ಹೀಗೇ ಇರಬಹುದು, ಇಷ್ಟೇ ಬೇಜಾರಿನದು.

ಏಪ್ರಿಲ್ ೧೯, ಭಾನುವಾರ

ಜೊತೆಯಲ್ಲಿ ಓದಿದವಳು ನೋಡಲು ಬಂದಿದ್ದಳು, ಮಗು ಎತ್ತಿಕೊಂಡು. “ನೀನು ಗಟ್ಟಿಗಿತ್ತಿ ಕಣೇ, ಗೆದ್ದೇ ಗೆಲ್ತೀಯ” ಎಂದಳು. ಏನೋ ಓಟದ ಪಂದ್ಯಕ್ಕೆ ನಾನೇ ಹೆಸರು ಕೊಟ್ಟು ಬಂದಂತೆ. ಮಗು ನನ್ನ ಬೋಳು ತಲೆ ನೋಡಿ ಅತ್ತಿತು. ಸದ್ಯ, ಅದೊಂದಾದರೂ ನಿಜ ಹೇಳಿತು.

ಅಮ್ಮ ನನ್ನ ಬಟ್ಟೆಗಳನ್ನು ಮೊದಲಿಗಿಂತ ಹೆಚ್ಚು ಒಗೆಯುತ್ತಿದ್ದಾಳೆ. ಸಂಜೆ ಬಿಚ್ಚಿಟ್ಟದ್ದು ಮರುದಿನ ಮಧ್ಯಾಹ್ನ ಇಸ್ತ್ರಿಯಾಗಿ ಮಂಚದ ತುದಿಗೆ ಬಂದಿರುತ್ತದೆ. ಅಪ್ಪ ಊಟಕ್ಕೆ ಮೇಲೆ ಬರುವುದು ಕಡಿಮೆಯಾಗಿದೆ. ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಾಳೆ ಅಮ್ಮ. ಇದ್ದರೂ ಇರಬಹುದು, ಕತ್ತರಿಸುವ ಕೆಲಸವೂ ಈಗ ಅವನ ತಲೆಗೇ ಬಿದ್ದಿದೆಯಲ್ಲ.

ಏಪ್ರಿಲ್ ೨೭, ಸೋಮವಾರ

ನಾಲ್ಕನೆಯದು. ಡ್ರೈವರಿಗೆ ಹೇಳಿ ಇಟ್ಟಿದ್ದೆ, ಒಂದು ಪ್ಯಾಂಟು ಚೀಲದಲ್ಲಿ ಹಾಕಿ ತಂದಿದ್ದರು. ಕುರ್ಚಿಯಲ್ಲಿ ಕೂತೇ ಟೇಪು ಹಿಡಿದು ಸೊಂಟ ಅಳೆದೆ. ಪ್ಯಾಂಟಿಗೂ ಮನುಷ್ಯನಿಗೂ ಆರು ಇಂಚು ವ್ಯತ್ಯಾಸ. ಸಂಖ್ಯೆ ಹೇಳಲಿಲ್ಲ, “ಸ್ವಲ್ಪ ಹಿಡಿದ್ರೆ ಸಾಕು” ಎಂದೆ. ಅವರು ನನ್ನ ಮುಖ ನೋಡಿ ನಕ್ಕರು. “ನಾನೂ ಪ್ರಯಾಣಿಕರಿಗೆ ಹಾಗೇ ಹೇಳೋದು ತಾಯಿ, ಇನ್ನೇನು ಬಂತು, ಇನ್ನೇನು ಬಂತು ಅಂತ.”

ಮೇ ೧೪, ಗುರುವಾರ

ಸ್ಕ್ಯಾನ್ ಆಯಿತು. ಸೋಮವಾರ ಫಲಿತಾಂಶ. ಹೋಗುವಾಗ ನೀಲಿ ಅಂಗಿ ಹಾಕಿಕೊಂಡಿದ್ದೆ, ಈಗಲೂ ಸರಿಯಾಗಿದೆ. ನನಗೆ ಧೈರ್ಯವಿದೆ. ಇಷ್ಟೆಲ್ಲ ವಾಂತಿ ಮಾಡಿಯೂ ಮೈ ಒಂದು ದಾರದಷ್ಟೂ ಕದಲಿಲ್ಲವೆಂದರೆ ಒಳಗೆ ಏನೋ ಗಟ್ಟಿಯಾಗಿದೆ ಎಂದೇ ಅರ್ಥ.

ಮೇ ೧೮, ಸೋಮವಾರ

ಕುತ್ತಿಗೆಯದು ಹೋಗಿದೆ. ಎದೆಯದು ಸಣ್ಣದಾಗಿದೆ. ಹೊಟ್ಟೆಯದು ಬೆಳೆದಿದೆ.

ಈ ಔಷಧಿ ಸಾಲದು, ಬೇರೆ ಕೊಡಬೇಕು, ಇನ್ನೂ ಬಿರುಸಿನದು ಎಂದರು ಡಾಕ್ಟರು. ಆಸ್ಪತ್ರೆಯಲ್ಲೇ ಒಂದು ತಿಂಗಳು ಇರಬೇಕು. ಕೆಲಸ ಮಾಡುತ್ತದೆಯೇ ಎಂದು ಅಮ್ಮ ಕೇಳಿದಳು. “ಅರ್ಧಕ್ಕರ್ಧ ಜನರಿಗೆ ಮಾಡುತ್ತೆ” ಎಂದರು. “ಆದ್ರೆ ಇವರು ತುಂಬಾ ಇಳಿದಿದಾರೆ. ಅದೇ ನನಗೆ ಚಿಂತೆ. ಶುರುವಿನಿಂದ ಒಂಬತ್ತು ಕೆಜಿ.”

ನಾನು ನಕ್ಕುಬಿಟ್ಟೆ. “ಇಲ್ಲ ಡಾಕ್ಟರೇ, ನಿಮ್ಮ ಯಂತ್ರ ಕೆಟ್ಟಿದೆ. ನೋಡಿ, ಹೋದ ವರ್ಷದ ಅಂಗಿ ಇದು. ನಾನು ಬಟ್ಟೆ ಕತ್ತರಿಸೋಳು, ಇದರಲ್ಲಿ ನನಗೆ ಮೋಸ ಆಗಲ್ಲ.”

ಡಾಕ್ಟರು ಅಮ್ಮನನ್ನು ನೋಡಿದರು. ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಯಾಕೆ ಯಾರೂ ನನ್ನ ಪರ ಮಾತಾಡಲಿಲ್ಲ ಎಂದು ಬಸ್ಸಿನಲ್ಲಿ ಜಗಳ ತೆಗೆದೆ. ಜೂನ್ ಒಂದಕ್ಕೆ ಬಂದು ಸೇರಿ ಎಂದಿದ್ದಾರೆ.

ಮೇ ೨೦, ಬುಧವಾರ

ಬೆಳಿಗ್ಗೆ ಡ್ರೈವರ ಪ್ಯಾಂಟು ತೆಗೆದುಕೊಂಡು ಕೂತೆ. ಇಷ್ಟು ದಿನ ಚೀಲದಲ್ಲೇ ಇತ್ತು, ಪಾಪ. ಅದನ್ನು ಒಳಮಗ್ಗುಲು ಮಾಡಿ, ಹಳೆಯ ಹೊಲಿಗೆ ಬಿಚ್ಚಿ, ಸೀಮೆಸುಣ್ಣದಿಂದ ಗೆರೆ ಎಳೆದೆ. ಬಿಚ್ಚಿದ ಹೊಲಿಗೆಯ ಜಾಗದಲ್ಲಿ ಸೂಜಿ ಹೋದ ತೂತುಗಳು ಸಾಲಾಗಿ ಉಳಿಯುತ್ತವೆ. ಇಸ್ತ್ರಿ ಹಾಕಿದರೂ ಬೆಳಕಿಗೆ ಹಿಡಿದರೆ ಕಾಣುತ್ತವೆ. ಅವನ್ನು ನೋಡುತ್ತಿದ್ದಂತೆ, ಯಾಕೋ, ಮಂಚದ ಮೇಲಿದ್ದ ನನ್ನ ನೀಲಿ ಅಂಗಿಯನ್ನು ಎಳೆದು ಒಳಮಗ್ಗುಲು ಮಾಡಿದೆ.

ನಾಲ್ಕು ಸಾಲು.

ಪಕ್ಕದಲ್ಲಿ ನಾಲ್ಕು, ತೋಳಿನ ಕೆಳಗೆ ನಾಲ್ಕು. ಭುಜವನ್ನೂ ಬಿಚ್ಚಿ ಒಳಗೆ ಸರಿಸಿದ್ದಾನೆ ಅಪ್ಪ. ಒಂದೊಂದು ಔಷಧಿಗೆ ಒಂದೊಂದು ಸಾಲು. ಅದೇ ಬಣ್ಣದ ದಾರ, ಅದೇ ಅಳತೆಯ ಹೊಲಿಗೆ, ಒಳಗೆ ಉಳಿದ ಬಟ್ಟೆ ಕೈಗೆ ತಾಗಬಾರದೆಂದು ಕತ್ತರಿಸಿ ಅಂಚು ಮಡಿಸಿದ್ದಾನೆ. ಕಪ್ಪು ಪ್ಯಾಂಟಿನಲ್ಲೂ ಹಾಗೇ. ಬೂದಿ ಬಣ್ಣದ ಅಂಗಿಯಲ್ಲೂ ಹಾಗೇ. ಟೇಪು ತಂದು ಅಳೆದೆ. ಸೊಂಟದಲ್ಲಿ ಐದು ಇಂಚು ಹೋಗಿದೆ. ನಾನು ಡ್ರೈವರನ್ನು ನೋಡಿ ಮರುಕಪಟ್ಟಿದ್ದೆ.

ಮೆಟ್ಟಿಲಿಳಿದು ಹೋಗಿ ಅಂಗಿಯನ್ನು ಅಪ್ಪನ ಮೆಷಿನ್ ಮೇಲೆ ಹಾಕಿದೆ.

“ಇದೇನು?”

ಅಪ್ಪ ಕನ್ನಡಕ ತೆಗೆದ. “ಹೊಲಿಗೆ.”

“ಯಾಕೆ ಮಾಡಿದೆ?”

“ನೀನು ಕಾಲರಿನ ಗುಂಡಿ ಯಾಕೆ ಸರಿಸಿದೆ?”

ಸಿಟ್ಟು ನೆತ್ತಿಗೇರಿತು. “ನಾನು ನನಗೆ ನಾನೇ ಸುಳ್ಳು ಹೇಳ್ಕೊಂಡೆ. ನೀನು ನನಗೆ ಹೇಳಿದೆ. ನಾನು ಡಾಕ್ಟರ ಮುಂದೆ ಕೋತಿ ಆದೆ. ಇದೊಂದನ್ನ ನಂಬ್ಕೊಂಡು ಅಷ್ಟು ದಿನ ಕೂತಿದ್ದೆ, ಗೊತ್ತಾ?”

“ಗೊತ್ತು” ಎಂದ ಅಪ್ಪ. “ಮೊದಲನೇ ಸಲ ಅಂಗಿ ನಿನ್ನ ಮೈ ಮೇಲೆ ನೇತಾಡೋದು ನೋಡ್ದೆ. ಕೈ ಸುಮ್ನಿರಲಿಲ್ಲ. ಇನ್ನೇನು ಬರುತ್ತೆ ನನಗೆ? ಔಷಧಿ ಕೊಡಕ್ಕೆ ಬರುತ್ತಾ? ನೀನು ಖುಷಿಯಾಗಿ ಮೆಟ್ಟಿಲು ಇಳಿದು ಬಂದೆ ಆವತ್ತು. ಆಮೇಲೆ ನಿಲ್ಲಿಸಕ್ಕೆ ಆಗಲಿಲ್ಲ.”

ಅಮ್ಮ ಬಾಗಿಲಲ್ಲಿ ನಿಂತು ಬರಿಗೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಒಗೆಯುತ್ತಿದ್ದದ್ದು ಅದಕ್ಕೇ.

“ಜೂನ್ ಒಂದಕ್ಕೆ ನಾನು ಬರಲ್ಲ” ಎಂದೆ. “ಐದು ಇಂಚು ಹೋಗಿದೆ. ಇನ್ನು ಹಿಡಿಯೋಕೆ ಬಟ್ಟೆ ಇಲ್ಲ. ಸಾಕು ನನಗೆ.”

ಮೇ ೨೨, ಶುಕ್ರವಾರ

ಅಪ್ಪನ ಜೊತೆ ಮಾತಿಲ್ಲ. ಅಮ್ಮನ ಜೊತೆ ಹೂಂ, ಉಹೂಂ.

ಪ್ಯಾಂಟು ಮುಗಿಸಿದ್ದೆ. ಅಮ್ಮನ ಕೈಯಲ್ಲಿ ಆಸ್ಪತ್ರೆಗೆ ಕಳಿಸಿದೆ, ಡ್ರೈವರು ತಮ್ಮ ಮುಂದಿನ ಔಷಧಿ ಇವತ್ತೆಂದು ಹೇಳಿದ್ದರು. ಸಂಜೆ ಅದನ್ನು ಹಾಗೇ ವಾಪಸು ತಂದಳು. “ಅವರ ಕುರ್ಚಿಯಲ್ಲಿ ಬೇರೆಯೋರಿದ್ರು” ಎಂದಳು. ಆಮೇಲೆ, “ವಾರ ಬದಲಾಯಿಸಿರಬೇಕು” ಎಂದಳು. ನನ್ನ ಮುಖ ನೋಡಲಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ. ಪ್ಯಾಂಟನ್ನು ಕೆಳಗೆ ಅಂಗಡಿಯ ಕೊಕ್ಕೆಗೆ ನೇತುಹಾಕಿದ್ದಾಳೆ, ಚೀಟಿ ಅಂಟಿಸಿ, ಬಂದು ಒಯ್ಯುವವರ ಬಟ್ಟೆಗಳ ಸಾಲಿನಲ್ಲಿ.

ಹೋಗುವುದಿಲ್ಲ ಎಂದರೆ ಎಷ್ಟು ದಿನ ಎಂದು ಡಾಕ್ಟರಿಗೆ ನಾನೇ ಫೋನು ಮಾಡಿ ಕೇಳಿದೆ. ಮೂರು ತಿಂಗಳು, ನಾಲ್ಕೂ ಆಗಬಹುದು ಎಂದರು. ಹೋದರೆ ಅರ್ಧಕ್ಕರ್ಧ. ಅತ್ತ ದರಿ ಇತ್ತ ಪುಲಿ. ಪುಲಿಯನ್ನಾದರೂ ಮನೆಯಲ್ಲಿ ಮಲಗಿ ನೋಡಬಹುದು.

ಮೇ ೨೪, ಭಾನುವಾರ

ಅಂಗಡಿಗೆ ರಜೆ. ಕಿಟಕಿಯಿಂದ ಕೆಳಗೆ ನೋಡುತ್ತಿದ್ದೆ. ಒಬ್ಬ ಮನುಷ್ಯ ಬ್ರೆಡ್ಡು ತೆಗೆದುಕೊಂಡು ಬೀದಿ ದಾಟಿ ಬರುತ್ತಿದ್ದ. ಬಿಳಿ ಅಂಗಿ. ಭುಜದ ಹೊಲಿಗೆ ತೋಳಿನ ಮೇಲೆ ಒಂದೂವರೆ ಇಂಚು ಇಳಿದಿದೆ, ಬೆನ್ನಿನಲ್ಲಿ ಬಟ್ಟೆ ಚೀಲದ ಹಾಗೆ ನಿಂತಿದೆ, ಬೆಲ್ಟಿನ ಉಳಿಕೆ ತುದಿ ಪಕ್ಕಕ್ಕೆ ಜೋತಾಡುತ್ತಿದೆ. ಯಾರಪ್ಪ ಇವನು, ಎರವಲು ಅಂಗಿ ಹಾಕಿಕೊಂಡು ತಿರುಗುತ್ತಾನೆ ಎಂದುಕೊಂಡೆ. ನಮ್ಮ ಬಾಗಿಲಿಗೇ ಬಂದ. ಅಪ್ಪ.

ಆ ಅಂಗಿ ಅವನಿಗೆ ನಾನೇ ಕತ್ತರಿಸಿದ್ದು, ಎರಡು ವರ್ಷದ ಹಿಂದೆ. ಅಳತೆ ಈ ಪುಸ್ತಕದ ಮೊದಲ ಪುಟಗಳಲ್ಲೇ ಇದೆ. ತೆಗೆದು ನೋಡಿದೆ: ಎದೆ ನಲವತ್ತು, ಸೊಂಟ ಮೂವತ್ತಾರು. ಈಗ ಕಣ್ಣಳತೆಯಲ್ಲೇ ಹೇಳುತ್ತೇನೆ, ಸೊಂಟ ಮೂವತ್ತೆರಡರ ಮೇಲಿಲ್ಲ.

“ಅಪ್ಪ ಯಾವಾಗಿಂದ ಹೀಗಾಗಿದಾನೆ?” ಎಂದು ಅಮ್ಮನನ್ನು ಕೇಳಿದೆ.

“ನಿನ್ನ ಜೊತೇಲೇ” ಎಂದಳು ಅಮ್ಮ. “ನಿನ್ನ ತಟ್ಟೇಲಿ ಉಳಿದಷ್ಟೇ ಅವರ ತಟ್ಟೇಲೂ ಉಳಿಯುತ್ತೆ. ಅಂಗಿ ಸರಿ ಮಾಡ್ಕೊಳ್ರೀ ಅಂದ್ರೆ, ನನ್ನದು ಯಾರು ನೋಡ್ತಾರೆ ಬಿಡು ಅಂತಾರೆ.”

ನಿಜ. ಯಾರೂ ನೋಡಿರಲಿಲ್ಲ.

ಮೇ ೨೬, ಮಂಗಳವಾರ

ಅಮ್ಮನಿಗೆ ಹೇಳಿ ಬಿಳಿ ಅಂಗಿಯನ್ನು ಒಗೆಯುವ ನೆಪದಲ್ಲಿ ಮೇಲೆ ತರಿಸಿಕೊಂಡೆ. ಈ ವಿದ್ಯೆ ಅಪ್ಪ ಅಮ್ಮನಿಂದಲೇ ಕಲಿತದ್ದು. ಮೆಷಿನ್ ತುಳಿಯಲು ಕಾಲಲ್ಲಿ ಶಕ್ತಿಯಿಲ್ಲ, ಕೈಯಲ್ಲೇ ಹೊಲಿಯಬೇಕು. ಸೂಜಿಗೆ ದಾರ ಪೋಣಿಸಲು ಅರ್ಧ ತಾಸು ಬೇಕಾಯಿತು. ದಾರದ ತುದಿ ಒದ್ದೆ ಮಾಡಲು ಬಾಯಲ್ಲಿ ಉಗುಳಿಲ್ಲ, ಲೋಟದ ನೀರಿಗೆ ಅದ್ದಿದೆ. ಸೂಜಿ ಬೆರಳಲ್ಲಿದೆಯೋ ನೆಲಕ್ಕೆ ಬಿತ್ತೋ ನೋಡಿಯೇ ತಿಳಿಯಬೇಕು. ಒಂದು ಪಕ್ಕ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು, ಮಲಗಿಬಿಟ್ಟೆ.

ಮೇ ೨೭, ಬುಧವಾರ

ಎಡ ಪಕ್ಕ ಆಯಿತು. ಕೋಳಿ ಕೆದರಿದ ಹಾಗಿದೆ. ಹೊಸಬಳೊಬ್ಬಳು ಹೀಗೆ ಹೊಲಿದಿದ್ದರೆ ನಾನೇ ಬಿಚ್ಚಿಸುತ್ತಿದ್ದೆ. ಮಧ್ಯೆ ಹಸಿವಾಯಿತು, ಅಮ್ಮನನ್ನು ಕೂಗಿ ಅರ್ಧ ಬಟ್ಟಲು ಗಂಜಿ ಕುಡಿದೆ.

ಮೇ ೨೯, ಶುಕ್ರವಾರ

ಬಲ ಪಕ್ಕ, ಒಂದು ಭುಜ. ಇನ್ನೊಂದು ಭುಜ ನಾಳೆ. ಅಪ್ಪ ಎರಡು ಸಲ ಮೆಟ್ಟಿಲ ಮೇಲೆ ಬಂದು ಕೆಮ್ಮಿ ಹೋದ. ಎರಡು ಸಲವೂ ಅಂಗಿಯನ್ನು ಹೊದಿಕೆಯ ಕೆಳಗೆ ತುರುಕಿದೆ.

ಮೇ ೩೧, ಭಾನುವಾರ

ಮುಗಿಯಿತು. ಬೆಳಕಿಗೆ ಹಿಡಿದು ನೋಡಿದಾಗ ಕಂಡಿತು: ಜೇಬಿನ ಕೆಳಗೆ ಒಂದು ಕಂದು ಕಲೆ, ಬಟಾಣಿಯಷ್ಟು. ಎಡಗೈ ನೋಡಿಕೊಂಡೆ, ತೋರುಬೆರಳಲ್ಲಿ ಮೂರು ಕಡೆ ಚುಚ್ಚಿದ ಗುರುತು. ಯಾವ ದಿನ ಚುಚ್ಚಿತೋ ತಿಳಿಯಲೇ ಇಲ್ಲ. ಒಣಗಿ ಗಟ್ಟಿಯಾಗಿದೆ. ಕೂತು ಅತ್ತೆ. ಫೆಬ್ರವರಿಯಿಂದ ಇದೇ ಮೊದಲು ನಾನು ಅತ್ತದ್ದು, ಒಂದು ಕಲೆಗೆ.

ಇಸ್ತ್ರಿ ಮಾಡಿಸಿ ಅವನ ಗೂಟಕ್ಕೆ ಹಾಕಿಸಿದೆ. ನಾಳೆ ಒಂದನೇ ತಾರೀಖು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆದರೆ ಅಮ್ಮ ಒಂದು ಚೀಲವನ್ನು ತೆರೆದು ಬಾಗಿಲ ಹಿಂದೆ ಇಟ್ಟಿದ್ದಾಳೆ, ಖಾಲಿ ಚೀಲ. ಸಂಜೆ ನಾನು ಅದರಲ್ಲಿ ಬ್ರಶ್ಶು, ಚಪ್ಪಲಿ, ಈ ಪುಸ್ತಕ ಹಾಕಿದೆ. ಬರೆಯಬೇಕೆಂದು ಪುಸ್ತಕ ಮಾತ್ರ ಮತ್ತೆ ತೆಗೆದೆ.

ಜೂನ್ ೧, ಸೋಮವಾರ

ಆಸ್ಪತ್ರೆ. ಆರನೇ ಮಹಡಿ. ಕೋಣೆಗೆ ಒಂದೇ ಮಂಚ, ಒಂದೇ ಕಿಟಕಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು, ಈ ಹಾಸಿಗೆ ನನಗಿಂತ ಒಂದು ಗೇಣು ಗಿಡ್ಡ. ತೂಕ ನೋಡುವಾಗ ಇವತ್ತು ಕಣ್ಣು ಬಿಟ್ಟುಕೊಂಡೇ ನಿಂತೆ. ನಲವತ್ತೊಂದು.

ಬೆಳಿಗ್ಗೆ ನಡೆದದ್ದನ್ನು ಬರೆಯಬೇಕು. ನಾನು ಚೀಲ ಹಿಡಿದು ಕೆಳಗಿಳಿದಾಗ ಅಪ್ಪ ಬಾಗಿಲ ಬಳಿ ನಿಂತಿದ್ದ, ಆ ಬಿಳಿ ಅಂಗಿಯಲ್ಲಿ. ಅವನಿಗೆ ಗೊತ್ತಾಗದೆ ಇರುತ್ತದೆಯೇ. ತೋಳು ತೂರಿಸಿದ ಕ್ಷಣವೇ ಗೊತ್ತಾಗಿರುತ್ತದೆ. ಎಡಭುಜ ಅರ್ಧ ಇಂಚು ಇಳಿದಿತ್ತು, ಡಾಕ್ಟರ ಕೋಟಿನ ಹಾಗೆಯೇ. ಉಳಿದದ್ದು ಕೂತಿತ್ತು. ಕಲೆ ಎದ್ದು ಕಾಣುತ್ತಿತ್ತು.

ಹನ್ನೆರಡು ದಿನದ ಮೇಲೆ ನಾನು ಅವನನ್ನು ಮಾತಾಡಿಸಿದ್ದು ಹೀಗೆ: “ಕಲೆಯಾಗಿದೆ. ಬೇರೆ ಹಾಕ್ಕೊ.”

“ನೋಡ್ದೆ.”

“ನನ್ನ ರಕ್ತ. ನನ್ನ ಉಗುಳೇ ಬೇಕು. ಬಾಯಲ್ಲಿ ಒಂದು ತೊಟ್ಟೂ ಇಲ್ಲ.”

ಅಪ್ಪ ಕಲೆಯ ಮೇಲೆ ಹೆಬ್ಬೆರಳಿಟ್ಟು ಸವರಿದ. ಕಲೆಯಾದ ಬಟ್ಟೆಯನ್ನು ಹೊಸಿಲು ದಾಟಿಸದ ಮನುಷ್ಯ.

“ಬರುತ್ತಲ್ಲ. ಬಂದಾಗ ನೀನೇ ತೆಗಿ ಮಾಸ್ಟರ್. ಅಲ್ಲೀವರೆಗೂ ಇದು ಹೀಗೇ ಇರಲಿ.”

“ಅಲ್ಲೀವರೆಗೂ ಒಗೀದೇ ಹಾಕ್ಕೊಂಡು ತಿರುಗಿದ್ರೆ ಆಸ್ಪತ್ರೆಯೋರು ಮೊದಲು ನಿಮ್ಮನ್ನೇ ಸ್ನಾನಕ್ಕೆ ಕಳಿಸ್ತಾರೆ ಅಷ್ಟೇ” ಎಂದಳು ಅಮ್ಮ ಹಿಂದಿನಿಂದ.

ಒಣಗಿದ ಕಲೆ ಉಗುಳಿಗೆ ಹೋಗುವುದಿಲ್ಲ. ಅದು ಅಪ್ಪನಿಗೆ ಚೆನ್ನಾಗಿ ಗೊತ್ತು, ನನಗೆ ಕಲಿಸಿದವನೇ ಅವನು.

“ಸರಿ” ಎಂದೆ.